ಎರಡು ಹಳ್ಳಿಯ ಪಾಲ್‌ನಿಂದ ಸ್ಕಂದರ್‌ಬೇಗ್‌ವರೆಗೆ: ಕಾಸ್ತ್ರಿಯೋತಿ ವಂಶವೃಕ್ಷ ಯಾಕೆ ಕೂಡಿಬರ್ತಿಲ್ಲ?

ವಂಶವೃಕ್ಷ_ಪಟ:
ಅಲ್ಬೇನಿಯಾದ ಕಾಸ್ತ್ರಿಯೋತಿ ಮನೆತನದ ವಂಶವೃಕ್ಷವನ್ನ ಕನ್ನಡದಲ್ಲಿ ಒಂದೇ ಪುಟಕ್ಕೆ ತರೋ ಕೆಲಸ ನಡೀತಿದೆ. ಒಟ್ಟೊಮನ್ ತುರ್ಕರ ವಿರುದ್ಧ ಕಾದಿದ ಅಲ್ಬೇನಿಯಾದ ದೊರೆ ಸ್ಕಂದರ್‌ಬೇಗ್ (1405–1468) ಹೆಸರು ಬಹಳ ಜನ ಕೇಳಿರ್ತಾರೆ. ಅವನಿಂದ ಒಂದು ಮೆಟ್ಟಿಲು ಹಿಂದಕ್ಕೋ ಮುಂದಕ್ಕೋ ಹೋದ್ರೆ ಎಲ್ಲಾ ಕಲಸುಮೇಲೋಗರ. ಮೂರು ಕಡೆ ಗಂಟು ಬಿದ್ದಿದೆ.

ಒಂದು: ತಾತ ಪಾಲ್‌ಗೆ ಇದ್ದದ್ದು ಎರಡೇ ಹಳ್ಳಿ ಅಂತಾರೆ. ಅವನ ಮಗ ಗ್ಯೋನ್ 1413ರ ಹೊತ್ತಿಗೆ ವೆನಿಸ್‌ನ ಗೌರವ ನಾಗರಿಕ. ಒಂದೇ ತಲೆಮಾರಿನಲ್ಲಿ ಇದು ಹೇಗಾಯ್ತು? ಪಾಲ್‌ನ ಅಪ್ಪ ಯಾರು?

ಎರಡು: ಸ್ಕಂದರ್‌ಬೇಗ್‌ನ ಅಣ್ಣನ ಮಗ ಹಂಝಾ. ಯಾವ ಅಣ್ಣನ ಮಗ, ಸ್ಟಾನಿಷನದೋ ರೆಪೋಷನದೋ?

ಮೂರು: 1468ರ ನಂತರ ಇಟಲಿಗೆ ಹೋದ ಕವಲು. ಅಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದು ಗೆರೆ ಎಲ್ಲಿ ಎಳೀಬೇಕು ಅಂತ ತಿಳೀತಿಲ್ಲ.

ಯಾವ ಆಕರಕ್ಕೆ ಎಷ್ಟು ತೂಕ ಕೊಡ್ಬೇಕು, ಬಲ್ಲವರು ಹೇಳಿ.

ಕೈಫಿಯತ್ತು:
"ಎರಡು ಹಳ್ಳಿ" ಅನ್ನೋ ಮಾತು ಎಲ್ಲಿಂದ ಬಂತು ಅಂತ ಮೊದಲು ನೋಡಿ. ಅದನ್ನ ಬರೆದವನು ಇನ್ನೊಂದು ಅಲ್ಬೇನಿಯನ್ ಮನೆತನದ ಗ್ಯೋನ್ ಮುಝಾಕಾ, 1510ರಲ್ಲಿ, ಇಟಲಿಯಲ್ಲಿ ಕೂತು. ತನ್ನ ಮಕ್ಕಳಿಗೆ "ನಮ್ಮ ಮನೆತನಕ್ಕೆ ಏನೇನಿತ್ತು, ನಾಳೆ ದೇಶ ಸಿಕ್ಕರೆ ಯಾವುದು ನಮ್ಮದು ಅಂತ ಕೇಳ್ಬೇಕು" ಅಂತ ಬರೆದಿಟ್ಟ ಪತ್ರ ಅದು. ನಮ್ಮ ಊರ ಕೈಫಿಯತ್ತುಗಳನ್ನ ಓದಿದವರಿಗೆ ಈ ಧಾಟಿ ಹೊಸದಲ್ಲ. ಅದರಲ್ಲಿ ಸ್ಕಂದರ್‌ಬೇಗ್ ಮುಝಾಕಾಗಳ ಜಮೀನು ಕಿತ್ಕೊಂಡ ಅನ್ನೋ ದೂರೂ ಇದೆ. ಜಮೀನು ಕಳ್ಕೊಂಡವನು "ಇವರ ತಾತನಿಗೆ ಎರಡೇ ಹಳ್ಳಿ ಇತ್ತು" ಅಂದಾಗ ಅದನ್ನ ಅಳತೆಪಟ್ಟಿ ಥರ ಓದೋಕಾಗಲ್ಲ.

ಹಾಗಂತ ಬಿಸಾಡೋ ಹಾಗೂ ಇಲ್ಲ. ಹಳ್ಳಿಗಳ ಹೆಸರು ಕೊಟ್ಟಿದ್ದಾನೆ: ಸಿಗ್ನಾ, ಮತ್ತೆ "ಗಾರ್ದಿ ಯ್ಪೊಸ್ತೆಸಿ". ಎರಡನೆಯ ಹೆಸರು ಇಟಾಲಿಯನ್ ಬರಹದಲ್ಲಿ ನಜ್ಜುಗುಜ್ಜಾಗಿದೆ. ಅಲ್ಬೇನಿಯನ್‌ನಲ್ಲಿ ಅದು "ಗಾರ್ದಿ ಇ ಪೋಷ್ತೆಮ್", ಅಂದ್ರೆ ಕೆಳಗಿನ ಗಾರ್ದಿ. ಮೇಲಿನ ಹಳ್ಳಿ, ಕೆಳಗಿನ ಹಳ್ಳಿ ಅಂತ ನಾವು ಕರೆಯೋ ಹಾಗೇ. ಹೀಗೆ ಕಿವಿಗೆ ಬಿದ್ದ ಹಾಗೆ ಬರೆದ ಊರಿನ ಹೆಸರನ್ನ ಯಾರೂ ಕೂತು ಕಟ್ಟಿರಲ್ಲ. ದಿಬ್ರಾ ಸೀಮೆಯ ಸಣ್ಣ ಪಾಳೆಯಗಾರ ಅನ್ನೋ ತಿರುಳನ್ನ ನಂಬಬಹುದು, "ಎರಡೇ" ಅನ್ನೋ ಲೆಕ್ಕವನ್ನಲ್ಲ.

ನಕಾಶೆಗಾರ:
ಪಾಲ್‌ನ ಅಪ್ಪನ ಜಾಗ ಖಾಲಿ ಬಿಡಿ ಸಾರ್. 1368ರ ಒಂದು ದಾಖಲೆಯಲ್ಲಿ ವ್ಲೋರಾ, ಕನಿನಾ ಸೀಮೆಯ ಅಧಿಕಾರಿಗಳ ಸಾಲಿನಲ್ಲಿ ಕಾಸ್ತ್ರಿಯೋತ್ ಅಂತ ಒಂದು ಹೆಸರು ಬರುತ್ತೆ, ಬ್ರಾನಿಲೋ ಅಂತ ಇನ್ನೊಂದು. ಎಷ್ಟೋ ಪಟ್ಟಿಗಳು ಇವರನ್ನ ಎತ್ತಿ ನೇರ ಪಾಲ್‌ನ ತಲೆಮೇಲೆ ಕೂರಿಸಿವೆ. ನಕಾಶೆ ತೆಗೆದು ನೋಡಿ. ಕನಿನಾ ದಕ್ಷಿಣದ ಸಮುದ್ರ ತೀರದಲ್ಲಿ, ದಿಬ್ರಾ ಈಶಾನ್ಯದ ಬೆಟ್ಟಗಳಲ್ಲಿ. ನಡುವೆ ಮುಝಾಕಾ, ಥೋಪಿಯಾ ಮನೆತನಗಳ ನೆಲ. ಕಾಸ್ತ್ರಿಯೋತಿ ಅನ್ನೋದೇ ಕೋಟೆ ಅನ್ನೋ ಅರ್ಥದ ಮಾತಿನಿಂದ ಬಂದಿರೋ ಹೆಸರು. ಕೋಟೆ ಇರೋ ಕಡೆಯೆಲ್ಲ ಅಂಥ ಹೆಸರು ಹುಟ್ಟಬಹುದು. ಹೆಸರು ಒಂದೇ ಅಂತ ಗೆರೆ ಎಳೆದ್ರೆ ಅದು ವಂಶವೃಕ್ಷ ಆಗಲ್ಲ.

ವಂಶವೃಕ್ಷ_ಪಟ:
ಹಾಗಾದ್ರೆ ಚುಕ್ಕಿ ಗೆರೆ ಹಾಕಲಾ?

ನಕಾಶೆಗಾರ:
ಚುಕ್ಕಿ ಗೆರೆನೂ ಬೇಡ. ನೋಡಿದವರು ಮುಂದಿನ ಪ್ರತಿಯಲ್ಲಿ ಅದನ್ನೇ ಗಟ್ಟಿ ಗೆರೆ ಮಾಡ್ತಾರೆ. ಪುಟದ ಅಂಚಿನಲ್ಲಿ ಬೇರೆ ಟಿಪ್ಪಣಿ ಬರೀರಿ.

ಕರಾವಳಿ_ಕಣ್ಣು:
ಒಂದೇ ತಲೆಮಾರಿನಲ್ಲಿ ಹೇಗೆ ಬೆಳೆದರು ಅನ್ನೋದಕ್ಕೆ ಉತ್ತರ ಉಪ್ಪು ಮತ್ತು ಸುಂಕ ಮಾರಾಯ್ರೆ. ಯುದ್ಧದ ಕತೆ ಆಮೇಲೆ.

ಗ್ಯೋನ್ ಬೆಟ್ಟದಿಂದ ಇಳಿದು ಮಾತ್ ಕಣಿವೆಯ ಮೂಲಕ ಕರಾವಳಿಗೆ ಬಂದ. ಅಲ್ಲಿ ಲೆಝಾದ ದಕ್ಷಿಣಕ್ಕೆ ಷುಫಾದಾ ಅನ್ನೋ, ಉಪ್ಪು ಮಾರೋ ಬಂದರು ಸಂತೆ. ರಗೂಸಾ (ಇವತ್ತಿನ ದುಬ್ರೊವ್ನಿಕ್) ವ್ಯಾಪಾರಿಗಳು ಅಲ್ಲಿ ಸರಕು ಇಳಿಸಿ, ಅವನ ನೆಲ ದಾಟಿ ಕೊಸೊವೊದ ಪ್ರಿಝ್ರೆನ್ ಕಡೆ ಹೋಗ್ಬೇಕು. 1420ರ ಫೆಬ್ರವರಿಯಲ್ಲಿ ಗ್ಯೋನ್ ಅವರಿಗೆ ಬರೆದುಕೊಟ್ಟ ಅಭಯಪತ್ರ ಉಳಿದಿದೆ. ದಾರಿಗೆ ರಕ್ಷಣೆ ನನ್ನದು, ಸುಂಕ ನಿಮ್ಮದು ಅನ್ನೋ ಒಪ್ಪಂದ. ಘಟ್ಟದ ದಾರಿ ಹಿಡಿದವನ ಕೈಗೆ ದುಡ್ಡು ಹೇಗೆ ಬರುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳ್ಬೇಕಾ?

ಜೊತೆಗೆ ಅವನ ಅದೃಷ್ಟ. ಅದೇ ಸೀಮೆಯ ದೊಡ್ಡ ಮನೆ ಥೋಪಿಯಾ ಆಗ ಕುಸೀತಿತ್ತು. ಕಾರ್ಲ್ ಥೋಪಿಯಾ 1388ರಲ್ಲಿ ಸತ್ತ, 1392ರಲ್ಲಿ ದುರ್ರೆಸ್ ವೆನಿಸ್‌ಗೆ ಹೋಯ್ತು, 1415ರಲ್ಲಿ ಕ್ರುಯಾ ಕೋಟೆ ಒಟ್ಟೊಮನ್ನರ ಕೈಗೆ. ನಡುವೆ ಬಿದ್ದ ಖಾಲಿ ಜಾಗದಲ್ಲಿ ಗ್ಯೋನ್ ನಿಂತ.

ಸಿಕಂದರ್_ಪ್ರಶ್ನೆ:
ಅಂದಹಾಗೆ ಸ್ಕಂದರ್‌ಬೇಗ್ ಅಂದ್ರೆ ನಮ್ಮ ಸಿಕಂದರ್ ತಾನೆ?

ಕೈಫಿಯತ್ತು:
ಹೌದು, ಇಸ್ಕಂದರ್ ಬೇಗ್. ಅಲೆಕ್ಸಾಂಡರ್‌ನ ಹೆಸರು. ಹುಟ್ಟು ಹೆಸರು ಗ್ಯೆರ್ಗ್. ಕನ್ನಡದಲ್ಲಿ ಬರೆಯೋರು ಒಂದು ಗಮನಿಸಿ: ಅಲ್ಬೇನಿಯನ್ ಬರಹದ ಜೆ ಅಕ್ಷರ ನಮ್ಮ "ಯ". ಕ್ರುಜಾ ಅಲ್ಲ, ಕ್ರುಯಾ. ಗ್ಜೋನ್ ಅಲ್ಲ, ಗ್ಯೋನ್.

ಮೇಲುಕೋಟೆ_ಮೇಷ್ಟ್ರು:
ಎರಡನೇ ಗಂಟಿಗೆ ಬರೋಣ. ಗ್ಯೋನ್‌ಗೆ ನಾಲ್ಕು ಗಂಡು: ಸ್ಟಾನಿಷ, ರೆಪೋಷ್, ಕೋನ್‌ಸ್ತಾಂದಿನ್, ಗ್ಯೆರ್ಗ್. ಇದಕ್ಕೆ ಸಾಕ್ಷಿ ಗ್ರೀಸ್‌ನ ಅಥೋಸ್ ಬೆಟ್ಟದ ಹಿಲಂದಾರ್ ಮಠದ ದಾನಪತ್ರ. 1426ರಲ್ಲಿ ಗ್ಯೋನ್ ತನ್ನ ನಾಲ್ಕೂ ಮಕ್ಕಳ ಹೆಸರು ಸೇರಿಸಿ ರಾದೊಸ್ತುಷಾ, ತ್ರೆಬಿಷ್ತೆ ಅನ್ನೋ ಹಳ್ಳಿಗಳನ್ನ ಮಠಕ್ಕೆ ಬಿಟ್ಟ. ಇವತ್ತು ಅವು ಉತ್ತರ ಮ್ಯಾಸಿಡೋನಿಯಾದಲ್ಲಿವೆ. ಆಮೇಲೆ 60 ಫ್ಲೋರಿನ್ ಕೊಟ್ಟು ಮಠದಲ್ಲಿ ನಾಲ್ಕು ಪಾಲು ಕೊಂಡರು, ಅಂದ್ರೆ ಅಲ್ಲಿ ಇರೋಕೆ, ಉಣ್ಣೋಕೆ ಹಕ್ಕು. ರೆಪೋಷ್ ಸತ್ತದ್ದು ಅಲ್ಲೇ, 1431ರ ಜುಲೈ 25ಕ್ಕೆ. ಅವರಿದ್ದ ಬುರುಜಿಗೆ ಅಲ್ಬೇನಿಯನ್ ಬುರುಜು ಅಂತಲೇ ಹೆಸರು ನಿಂತಿದೆ.

ಈಗ ಷ್ಕೋದ್ರಾದ ಪಾದ್ರಿ ಬಾರ್ಲೆಟಿ ಬರೆದ ಸ್ಕಂದರ್‌ಬೇಗ್ ಚರಿತ್ರೆಯ ಪಕ್ಕ ಇದನ್ನಿಡಿ. ನಾಲ್ವರನ್ನೂ ಸುಲ್ತಾನ ಒತ್ತೆಯಾಗಿ ಒಯ್ದ, ಅಣ್ಣಂದಿರಿಗೆ ವಿಷ ಹಾಕಿಸಿದ ಅಂತ ಅಲ್ಲಿದೆ. ಸುಲ್ತಾನನ ಅರಮನೆಯಲ್ಲಿ ವಿಷ ಕುಡಿದವನು ಅಥೋಸ್ ಬೆಟ್ಟದಲ್ಲಿ ಸಾಯೋದು ಹೇಗೆ? ಸ್ಕಂದರ್‌ಬೇಗ್ ಸತ್ತು ಸುಮಾರು ನಲವತ್ತು ವರ್ಷದ ಮೇಲೆ, ಕಳೆದುಹೋದ ನಾಡಿನ ನೋವಿನಲ್ಲಿ ಬರೆದ ಕೃತಿ ಅದು. ಅದರೊಳಗಿನ ಪತ್ರಗಳಲ್ಲಿ ಎಷ್ಟೋ ಅವನೇ ರಚಿಸಿದ್ದು. ಅಲ್ಲಿಂದ ಒಂದು ಸಾಲು ತಗೊಂಡ್ರೂ ಎದುರಿಗೆ ಒಂದು ದಾನಪತ್ರ, ಇಲ್ಲ ಸುಂಕದ ಕಾಗದ ಇಟ್ಟು ನೋಡಿ.

ಹಂಝಾನನ್ನ ಸ್ಟಾನಿಷನ ಕೆಳಗೆ ಬರೀರಿ. ರೆಪೋಷನ ಕೆಳಗೆ ಇಟ್ಟ ಪಟ್ಟಿಗಳೂ ಇವೆ, ಅದನ್ನ ಟಿಪ್ಪಣಿಗೆ ಹಾಕಿ.

ತುಂಗಾತೀರ:
ಸ್ಟಾನಿಷ, ರೆಪೋಷ್, ಅಮ್ಮ ವೊಯ್ಸಾವಾ. ಎಲ್ಲಾ ಸ್ಲಾವ್ ಹೆಸರು, ದಾನಪತ್ರದ ಭಾಷೆನೂ ಸ್ಲಾವ್. ಹಾಗಿದ್ರೆ ಇವರು ಸರ್ಬಿಯನ್ನರು ಅಂತಲೇ ಬರೀಬಹುದಲ್ವಾ?

ಕೈಫಿಯತ್ತು:
ಇಲ್ಲ. ಪತ್ರದ ಭಾಷೆ ಅದನ್ನ ಪಡೆಯೋನ ಭಾಷೆ. ಹಿಲಂದಾರ್ ಸರ್ಬಿಯನ್ ಮಠ, ಅಲ್ಲಿಗೆ ಸ್ಲಾವ್‌ನಲ್ಲೇ ಬರೀಬೇಕು. ರಗೂಸಾ ಜೊತೆಗೂ ಆ ಕಾಲದಲ್ಲಿ ಅದೇ ಭಾಷೆ. ಎಲ್ಬಸಾನ್ ಹತ್ತಿರ ಷಿನ್‌ಯೋನ್ ಇಗರ್ಜಿಗೆ ಕಾರ್ಲ್ ಥೋಪಿಯಾ ಹಾಕಿಸಿದ ಕಲ್ಲು ನೋಡಿ, ಲ್ಯಾಟಿನ್, ಗ್ರೀಕ್, ಸ್ಲಾವ್ ಮೂರರಲ್ಲೂ ಇದೆ. ನಮ್ಮ ಎಷ್ಟೋ ಶಾಸನಗಳಲ್ಲಿ ಪ್ರಶಸ್ತಿ ಸಂಸ್ಕೃತದಲ್ಲಿ, ದಾನದ ಗಡಿ ಕನ್ನಡದಲ್ಲಿ. ಅದನ್ನ ನೋಡಿ ರಾಜನ ಮನೆಮಾತು ತೀರ್ಮಾನ ಮಾಡ್ತೀವಾ?

ತುಂಗಾತೀರ:
ಅಮ್ಮನ ಕಡೆ?

ಮೇಲುಕೋಟೆ_ಮೇಷ್ಟ್ರು:
ವೊಯ್ಸಾವಾಳನ್ನ ಬಾರ್ಲೆಟಿ ತ್ರಿಬಾಲ್ಲಿ ಜನರ ಒಬ್ಬ ದೊರೆಯ ಮಗಳು ಅಂತಾನೆ, ಮುಝಾಕಾ ತ್ರಿಬಾಲ್ದಾ ಅಂತ ಬರೀತಾನೆ. ತ್ರಿಬಾಲ್ಲಿ ಅನ್ನೋದು ಆ ಕಾಲದವರು ಬಾಲ್ಕನ್‌ನ ಸ್ಲಾವರಿಗೆ ಬಳಸ್ತಿದ್ದ ಹಳೇ ಹೆಸರು. ಆ ಮಾತನ್ನ ಹಿಡಿದು ಈ ಕಾಲದವರು ಇವತ್ತಿಗೂ ಕಾದಾಡ್ತಾರೆ. ಅವಳ ಹೆಸರು ಬರೆದು, ತವರು ಪೊಲೊಗ್ ಸೀಮೆ ಅಂತ ಹೇಳ್ತಾರೆ ಅಂತಷ್ಟೇ ಹಾಕಿ ಮುಂದೆ ಹೋಗಿ. ಧರ್ಮವೂ ಹಾಗೇ. ಗ್ಯೋನ್ ನೆರೆಯವನು ಯಾರು ಬಲವಾಗಿದ್ದಾನೋ ನೋಡ್ಕೊಂಡು ಆರ್ಥೊಡಾಕ್ಸ್, ಕ್ಯಾಥೊಲಿಕ್, ಇಸ್ಲಾಂ ಅಂತ ಬದಲಾಗುತ್ತಾ ಬಂದವನು. 1428ರಲ್ಲಿ ಮಗ ಸುಲ್ತಾನನ ಪಡೆಯಲ್ಲಿದ್ದಾನೆ ಅಂತ ವೆನಿಸ್‌ಗೆ ಸಮಜಾಯಿಷಿ ಕೊಡ್ಬೇಕಾಯ್ತು ಅವನಿಗೆ.

ಶಕ_ಸಂವತ್ಸರ:
ತಾರೀಖುಗಳ ಬಗ್ಗೆ ಯಾರೂ ಹೇಳ್ಲಿಲ್ಲ, ಪಟ್ಟಿಗಳು ಕೆಡೋದು ಅಲ್ಲೇ. ನಾವು ಶಕ ವರ್ಷಕ್ಕೆ 78 ಕೂಡಿಸ್ತೀವಲ್ಲ, ಇಲ್ಲಿ ಮೂರು ಬೇರೆ ಬೇರೆ ಲೆಕ್ಕ.

ಆರ್ಥೊಡಾಕ್ಸ್ ಕಾಗದಗಳಲ್ಲಿ ಸೃಷ್ಟಿಯಿಂದ ಎಣಿಸಿದ ವರ್ಷ. ಅದು ಸೆಪ್ಟೆಂಬರ್ 1ಕ್ಕೆ ಶುರು. ಜನವರಿಯಿಂದ ಆಗಸ್ಟ್ ಆದ್ರೆ 5508 ಕಳೀರಿ, ಸೆಪ್ಟೆಂಬರ್‌ನಿಂದ ಡಿಸೆಂಬರ್ ಆದ್ರೆ 5509. 6939 ಅಂತ ಇದ್ದು ತಿಂಗಳು ಜುಲೈ ಆದ್ರೆ 1431, ಅಕ್ಟೋಬರ್ ಆದ್ರೆ 1430. ಕಣ್ಣುಮುಚ್ಚಿ 5508 ಕಳೆದವರ ಪಟ್ಟಿ ಒಂದು ವರ್ಷ ಜಾರಿರುತ್ತೆ.

ವೆನಿಸ್‌ನ ವರ್ಷ ಮಾರ್ಚ್ 1ಕ್ಕೆ ಶುರು. ಅಲ್ಲಿನ ಕಾಗದದಲ್ಲಿ ಜನವರಿ 1467 ಅಂತ ಕಂಡ್ರೆ ನಮ್ಮ ಲೆಕ್ಕದಲ್ಲಿ ಜನವರಿ 1468. ಸ್ಕಂದರ್‌ಬೇಗ್ ಸತ್ತದ್ದು 1468ರ ಜನವರಿ 17. ಜನವರಿ, ಫೆಬ್ರವರಿಯ ಯಾವ ವೆನಿಸ್ ತಾರೀಖನ್ನೂ ಈ ಪರೀಕ್ಷೆ ಮಾಡದೆ ಬರೀಬೇಡಿ.

ಒಟ್ಟೊಮನ್ ದಫ್ತರು, ಅಂದ್ರೆ ಸರ್ಕಾರದ ಜಮೀನು ಲೆಕ್ಕದ ಪುಸ್ತಕ, ಹಿಜ್ರಿಯಲ್ಲಿ. ಅರ್ವಾನಿದ್ (ಅಲ್ಬೇನಿಯಾ) ಸಂಜಕ್‌ನ, ಅಂದ್ರೆ ಜಿಲ್ಲೆಯ, ಹಿಜ್ರಿ 835ರ ದಫ್ತರು ಅಂದ್ರೆ 1431ರ ಸೆಪ್ಟೆಂಬರ್‌ನಿಂದ 1432ರ ಆಗಸ್ಟ್‌ವರೆಗೆ. ಅದಕ್ಕೇ "1431–32" ಅಂತ ಬರೆಯೋದು.

ತಿಮಾರು_ಲೆಕ್ಕ:
ಆ ದಫ್ತರಿನ ಮಾತು ಬಂದದ್ದು ಒಳ್ಳೇದಾಯ್ತು. ಹಾಲಿಲ್ ಇನಾಲ್ಜಿಕ್ 1954ರಲ್ಲಿ ಅಚ್ಚು ಮಾಡಿಸಿದ್ದು. ಅದರಲ್ಲಿ ಗ್ಯೋನ್‌ನ ಸೀಮೆಗೆ "ಯುವಾನ್-ಇಲಿ" ಅಂತ ಹೆಸರು, ಯುವಾನ್‌ನ ನಾಡು. ಯುವಾನ್, ಇವಾನ್, ಗ್ಯೋನ್, ಜೊವಾನ್ನಿ ಎಲ್ಲಾ ಒಬ್ಬನೇ. ಕ್ರುಯಾ ಹುಡುಕಿದ್ರೆ ಸಿಗಲ್ಲ, "ಅಕ್ಚಹಿಸಾರ್" ಅಂತ ಹುಡುಕಿ.

1430ರಲ್ಲಿ ಒಟ್ಟೊಮನ್ ದಂಡನಾಯಕ ಇಶಾಕ್ ಬೇಗ್ ದಂಡೆತ್ತಿ ಬಂದು ಗ್ಯೋನ್‌ನ ನೆಲದ ದೊಡ್ಡ ಭಾಗ ಹಿಡಿದ. ಹಿಡಿದದ್ದನ್ನ ತಿಮಾರುಗಳಾಗಿ, ಅಂದ್ರೆ ದಂಡಿನ ಸೇವೆಗೆ ಪ್ರತಿಯಾಗಿ ಉಣ್ಣೋ ನೆಲವಾಗಿ ಹಂಚಿದರು. ಗ್ಯೋನ್ 1437ರಲ್ಲಿ ಸತ್ತ. 1438ರಲ್ಲಿ ಅದೇ ಯುವಾನ್-ಇಲಿಯ ಒಂಬತ್ತು ಹಳ್ಳಿ ಮಗ ಗ್ಯೆರ್ಗ್‌ಗೆ ತಿಮಾರಾಗಿ ಬಂತು. ಮಗನಿಗೆ ಅಪ್ಪನ ಊರೇ ಸಿಕ್ಕಿತಲ್ಲ, ಇನ್ನೇನು ಕೊರತೆ ಅಂತ ಕೇಳೋರು ಇದ್ದಾರೆ. ಕೊರತೆ ಅಲ್ಲೇ ಇದೆ. ಅಪ್ಪನ ಕಾಲದಲ್ಲಿ ಅದು ಪಿತ್ರಾರ್ಜಿತ, ಮಗನ ಕಾಲದಲ್ಲಿ ಅದು ಸುಲ್ತಾನ ಕೊಟ್ಟದ್ದು, ಯಾವಾಗ ಬೇಕಾದ್ರೂ ವಾಪಸ್ ತಗೊಳ್ಳಬಹುದಾದದ್ದು. 1443ರ ನವೆಂಬರ್ 28ಕ್ಕೆ ಅವನು ಕ್ರುಯಾ ಹಿಡಿದದ್ದು ಈ ಲೆಕ್ಕದಲ್ಲಿ ಓದಿದ್ರೆ ಬೇರೆಯೇ ಅರ್ಥ ಬರುತ್ತೆ.

ಹಂಪಿ_ಹಾದಿ:
ನಮ್ಮ ಅಮರನಾಯಕರ ಥರ ಅನ್ನಿ. ಅದೇ 1443ರಲ್ಲಿ ಅಬ್ದುರ್ ರಜ್ಜಾಕ್ ವಿಜಯನಗರದಲ್ಲಿ ಇದ್ದ ಅನ್ನೋದೂ ನೆನಪಾಯ್ತು.

ತಿಮಾರು_ಲೆಕ್ಕ:
ದಂಡು ಕೊಟ್ಟು ನೆಲ ಉಣ್ಣೋದು ಅನ್ನೋವರೆಗೆ ಹೋಲಿಕೆ ಸರಿ. ಆದ್ರೆ ತಿಮಾರು ಅಂದ್ರೆ ವರ್ಷಕ್ಕೆ 20,000 ಅಕ್ಚೆ (ಬೆಳ್ಳಿ ನಾಣ್ಯ) ಒಳಗಿನ ಹುಟ್ಟುವಳಿ. ಅದರ ಮೇಲೆ ಒಂದು ಲಕ್ಷದವರೆಗೆ ಝೆಆಮೆತ್, ಇನ್ನೂ ಮೇಲಿದ್ರೆ ಹಾಸ್. ಸಣ್ಣ ಸವಾರನಿಗೂ ತಿಮಾರು ಸಿಗ್ತಿತ್ತು. ಅಮರನಾಯಕ ಅಂದ ಕೂಡಲೇ ನಾವು ಎಣಿಸೋ ಗಾತ್ರ ಅದಲ್ಲ.

ವಿಜಾಪುರ_ಬುರುಜು:
ಸ್ವಲ್ಪ ಹಾದಿ ತಪ್ಪಿಸ್ತೀನ್ರೀ. 1450ರಾಗ ಕ್ರುಯಾಕ್ಕ ಮುತ್ತಿಗಿ ಹಾಕಿದಾವ ಎರಡನೇ ಮುರಾದ್. ನಮ್ಮ ವಿಜಾಪುರದ ಆದಿಲ್‌ಶಾಹಿ ಕಟ್ಟಿದ ಯೂಸುಫ್ ಆದಿಲ್ ಖಾನ್ ಅದೇ ಮುರಾದ್‌ನ ಮಗ, 1451ರಾಗ ಅಣ್ಣ ಮೆಹ್ಮದ್ ಪಟ್ಟಕ್ಕ ಬಂದಾಗ ತಾಯಿ ಗುಟ್ಟಾಗಿ ಪಾರುಮಾಡಿದಳು ಅಂತ ಫಿರಿಶ್ತಾ ಬರದಾನ. ಅವ ಬರದದ್ದು ವಿಜಾಪುರದ ಆಸ್ಥಾನದಾಗ ಕುಂತು. ಹಂಗಾಗಿ ಮನೆತನದ ಮೂಲ ಅಂದಕೂಡಲೇ ಯಾರ ಅನ್ನ ಉಂಡು ಬರದಾರ ಅಂತ ನೋಡೂದು ಚಲೋ.

ಕೈಫಿಯತ್ತು:
ಇದು ಹಾದಿ ತಪ್ಪಿಸಿದ್ದಲ್ಲ, ಸರಿಯಾದ ಹೋಲಿಕೆ. ಸ್ಕಂದರ್‌ಬೇಗ್ ತಾನೇ 1460ರ ಅಕ್ಟೋಬರ್ 31ರಂದು ತಾರಾಂತೋದ ದೊರೆಗೆ ಬರೆದ ಪತ್ರದಲ್ಲಿ, ನಮ್ಮ ಚರಿತ್ರೆಗಳು ಸುಳ್ಳಾಡದಿದ್ರೆ ನಾವು ಎಪಿರಸ್‌ನವರು ಅಂತ ಎಪಿರಸ್‌ನ ಪ್ರಾಚೀನ ರಾಜ ಪಿರ್ರಸ್‌ನ ಕಾಲಕ್ಕೆ ಕೈ ಚಾಚ್ತಾನೆ. ವಿಯೆನ್ನಾದ ಮ್ಯೂಸಿಯಂನಲ್ಲಿರೋ ಅವನದೆನ್ನುವ ಶಿರಸ್ತ್ರಾಣವನ್ನ ಇದರ ಜೊತೆ ನೋಡಿ. ಬಿಳಿ ಲೋಹದ ಬೋಗುಣಿ ಆಕಾರ, ನೆತ್ತಿಯ ಮೇಲೆ ಹಿಂದಕ್ಕೆ ಬಾಗಿದ ಕೊಂಬಿನ ಆಡಿನ ತಲೆ, ಸುತ್ತ ತಾಮ್ರದ ಪಟ್ಟಿ. ಪಟ್ಟಿಯ ಮೇಲೆ ಹೂವಿನ ಗುರುತು ನಡುನಡುವೆ ಇಟ್ಟು "ಇನ್, ಪೆ, ರಾ, ತೊ, ರೆ, ಬ್ತ್" ಅಂತ ಅಕ್ಷರಗಳು. ಪಿರ್ರಸ್‌ನ ಶಿರಸ್ತ್ರಾಣಕ್ಕೆ ಆಡಿನ ಕೊಂಬಿತ್ತು ಅಂತ ಪ್ಲುಟಾರ್ಕ್ ಬರೆದಿದ್ದಾನೆ. ತಲೆಮೇಲೆ ಹೊತ್ತ ವಂಶಾವಳಿ ಅದು. ಅದನ್ನ ಅಭಿಮಾನ ಅಂತ ಓದಿ, ಪಟದಲ್ಲಿ ಪಿರ್ರಸ್‌ನಿಂದ ಗೆರೆ ಎಳೀಬೇಡಿ.

ವಂಶವೃಕ್ಷ_ಪಟ:
ಹೆಣ್ಣುಮಕ್ಕಳ ಸಾಲು? ನಾನು ನೋಡಿದ ಪಟ್ಟಿಗಳಲ್ಲಿ ಬರೀ "ಐದು ಹೆಣ್ಣು" ಅಂತ ಬರೆದು ಬಿಟ್ಟಿದ್ದಾರೆ.

ಅತ್ತಿಮಬ್ಬೆ_ಅಭಿಮಾನಿ:
ಅಲ್ಲೇ ದೊಡ್ಡ ತಪ್ಪಾಗೋದು! ಈ ಮನೆತನದ ರಾಜಕೀಯ ಅರ್ಥ ಆಗ್ಬೇಕಾದ್ರೆ ಹೆಣ್ಣುಮಕ್ಕಳ ಸಾಲು ಬೇಕೇ ಬೇಕು. ಮಾರಾ, ಯೆಲ್ಲಾ, ಅಂಜೆಲಿನಾ, ವ್ಲೈಕಾ, ಮಾಮಿಕಾ. ಮಾರಾ ಝೇತಾದ (ಇವತ್ತಿನ ಮಾಂಟೆನೆಗ್ರೊ ಕಡೆ) ಸ್ಟೆಫಾನ್ ತ್ಸರ್ನೊಯೆವಿಚ್‌ಗೆ, ಅಂಜೆಲಿನಾ ವ್ಲಾದನ್ ಅರಿಯಾನಿತಿಗೆ, ಮಾಮಿಕಾ 1445ರಲ್ಲಿ ಮುಝಾಕಾ ಥೋಪಿಯಾಗೆ. ಯೆಲ್ಲಾ, ವ್ಲೈಕಾ ಇಬ್ಬರ ಗಂಡಂದಿರಲ್ಲಿ ಬಾಲ್ಶಾ, ಮುಝಾಕಾ ಹೆಸರುಗಳು ಪಟ್ಟಿಯಿಂದ ಪಟ್ಟಿಗೆ ಅದಲುಬದಲು ಆಗಿವೆ. ಅಲ್ಲಿ ಎರಡೂ ಪಾಠ ಬರೀರಿ. ಮಾಮಿಕಾ ಗಂಡನ ವಿಷಯದಲ್ಲೂ ಎಚ್ಚರ: ಅಲ್ಲಿ ಮುಝಾಕಾ ಅನ್ನೋದು ಅವನ ಸ್ವಂತ ಹೆಸರು, ಮನೆತನ ಥೋಪಿಯಾ.

1444ರ ಮಾರ್ಚ್ 2ಕ್ಕೆ ಲೆಝಾದಲ್ಲಿ ಸೇರಿ ಒಟ್ಟೊಮನ್ನರ ವಿರುದ್ಧ ಒಕ್ಕೂಟ ಕಟ್ಟಿದ ದೊರೆಗಳ ಪಟ್ಟಿಯನ್ನ ಈ ಸಾಲಿನ ಪಕ್ಕ ಇಟ್ಟು ನೋಡಿ. ಅರ್ಧ ಸಭೆ ಬೀಗರು. ಸ್ಕಂದರ್‌ಬೇಗ್ ತಾನೂ 1451ರ ಏಪ್ರಿಲ್‌ನಲ್ಲಿ ಅರ್ದೆನಿಕಾ ಮಠದಲ್ಲಿ ಗ್ಯೆರ್ಗ್ ಅರಿಯಾನಿತಿಯ ಮಗಳು ದೋನಿಕಾಳನ್ನ ಮದುವೆಯಾದ. ಅಕ್ಕನನ್ನ ಕೊಟ್ಟ ಮನೆಯಿಂದಲೇ ಹೆಣ್ಣು ತಂದ.

ತುಂಗಾತೀರ:
ಬೀಗತನ ಅಷ್ಟು ಗಟ್ಟಿ ಇದ್ದಿದ್ರೆ ಒಕ್ಕೂಟ ಯಾಕೆ ಒಡೀತು?

ಅತ್ತಿಮಬ್ಬೆ_ಅಭಿಮಾನಿ:
ಬೀಗತನ ನೆಲ ಹಂಚಿಕೊಡಲ್ಲ. ಒಡೆದದ್ದು ಪಾಲಿನ ವಿಷಯಕ್ಕೆ. ಹಂಝಾನನ್ನೇ ನೋಡಿ. ಸ್ಕಂದರ್‌ಬೇಗ್‌ಗೆ ಮಗ ಹುಟ್ಟಿದ ಮೇಲೆ ಉತ್ತರಾಧಿಕಾರ ಅಣ್ಣನ ಮಗನ ಕೈ ತಪ್ಪಿತು. ಹಂಝಾ ಸುಲ್ತಾನನ ಕಡೆ ಹೋದ, 1457ರ ಸೆಪ್ಟೆಂಬರ್ 2ರಂದು ಅಲ್ಬುಲೆನಾ ಯುದ್ಧದಲ್ಲಿ ಚಿಕ್ಕಪ್ಪನ ಕೈಗೇ ಸೆರೆ ಸಿಕ್ಕಿ ನೇಪಲ್ಸ್‌ನ ಸೆರೆಮನೆ ಸೇರಿದ. ಪಟದಲ್ಲಿ ಈ ಗೆರೆ ಕಾಣದಿದ್ರೆ ಆ ಯುದ್ಧವೇ ಅರ್ಥ ಆಗಲ್ಲ.

ಕರಾವಳಿ_ಕಣ್ಣು:
ಹೊರಗಿನ ದುಡ್ಡನ್ನೂ ಒಂದು ಅಂಚಿನಲ್ಲಿ ಹಾಕಿ. ದಾನ್ಯಾ ಕೋಟೆಗಾಗಿ ವೆನಿಸ್ ಜೊತೆ 1447–48ರಲ್ಲಿ ಯುದ್ಧ ಆಯ್ತು. ಸ್ಕಂದರ್‌ಬೇಗ್‌ನನ್ನ ಕೊಂದವನಿಗೆ ವರ್ಷಕ್ಕೆ 100 ದುಕಾತ್ (ಚಿನ್ನದ ನಾಣ್ಯ) ಕೊಡ್ತೀವಿ ಅಂತ ವೆನಿಸ್ ಘೋಷಿಸಿತು. ಅದೇ ವೆನಿಸ್ 1448ರ ಅಕ್ಟೋಬರ್ 4ರ ಒಪ್ಪಂದದಲ್ಲಿ ದಾನ್ಯಾ ಇಟ್ಕೊಂಡು, ಅವನಿಗೇ ವರ್ಷಕ್ಕೆ 1,400 ದುಕಾತ್ ಕೊಡೋಕೆ ಒಪ್ಪಿತು. ಜೊತೆಗೆ ದುರ್ರೆಸ್‌ನಿಂದ ವರ್ಷಕ್ಕೆ 200 ಕುದುರೆ ಹೊರೆ ಉಪ್ಪು, ಸುಂಕವಿಲ್ಲದೆ. ಅಪ್ಪನ ಕಾಲದ ಉಪ್ಪು ಮಗನ ಕಾಲಕ್ಕೂ ಬಂತು ನೋಡಿ. 1451ರ ಮಾರ್ಚ್‌ನಲ್ಲಿ ಗಾಯೆತಾದಲ್ಲಿ ನೇಪಲ್ಸ್‌ನ ರಾಜ ಅಲ್ಫೊನ್ಸೊ ಜೊತೆ ಇನ್ನೊಂದು ಒಪ್ಪಂದ. ಅದರಿಂದಲೇ ಮುಂದಿನ ತಲೆಮಾರು ಇಟಲಿಗೆ ಹೋದದ್ದು.

ಮೇಲುಕೋಟೆ_ಮೇಷ್ಟ್ರು:
ಮೂರನೇ ಗಂಟು ಬಿಡಿಸೋಣ. ಸ್ಕಂದರ್‌ಬೇಗ್ 1461–62ರಲ್ಲಿ ಇಟಲಿಗೆ ಹೋಗಿ ಅಲ್ಫೊನ್ಸೊನ ಮಗ ಫೆರ್ರಾಂತೆ ರಾಜನಿಗಾಗಿ ಕಾದಿದ. ಪ್ರತಿಯಾಗಿ 1464ರಲ್ಲಿ ಮೊಂತೆ ಸಾಂತಾಂಜೆಲೊ, ಸಾನ್ ಜೊವಾನ್ನಿ ರೊತೊಂದೊ ಸಿಕ್ಕಿತು. ಅವನು ಸತ್ತಾಗ ಮಗ ಎರಡನೇ ಗ್ಯೋನ್ ಇನ್ನೂ ಹುಡುಗ. ಕ್ರುಯಾ 1478ರಲ್ಲಿ ಬಿತ್ತು. 1481ರಲ್ಲಿ ಗ್ಯೋನ್ ತಿರುಗಿ ಬಂದು ದಂಗೆ ಎಬ್ಬಿಸಿದ, ನಿಲ್ಲಲಿಲ್ಲ. 1485ರಲ್ಲಿ ದಕ್ಷಿಣ ಇಟಲಿಯ ಗಲಾತಿನಾದ ದೂಕ (ಡ್ಯೂಕ್) ಆದ. ಹೆಂಡತಿ ಸರ್ಬಿಯಾದ ಲಾಝಾರ್ ಬ್ರಾಂಕೊವಿಚ್‌ನ ಮಗಳು ಇರಿನಾ.

ಇವರ ಮಗ ಫೆರ್ರಾಂತೆ, 1561ರಲ್ಲಿ ತೀರಿಕೊಂಡ. ರಾಜ ಫೆರ್ರಾಂತೆಯ ಹೆಸರೇ ಇಟ್ಟಿದ್ದಾರೆ, ಇಬ್ಬರನ್ನ ಒಂದು ಮಾಡಿದ ಪಟ್ಟಿಗಳಿವೆ. ಅವನ ಮಗಳು ಎರಿನಾ 1539ರಲ್ಲಿ ಬಿಸಿಗ್ನಾನೋದ ದೊರೆ ಪಿಯೆತ್ರಾಂತೊನಿಯೋ ಸಾನ್‌ಸೆವೆರಿನೋನನ್ನ ಮದುವೆಯಾದಳು. ಗಲಾತಿನಾದ ಪದವಿ ಅವಳ ಜೊತೆ ಸಾನ್‌ಸೆವೆರಿನೋ ಮನೆಗೆ ಹೋಯ್ತು. ಕಾಸ್ತ್ರಿಯೋತಿ ಹೆಸರು (ಇಟಲಿಯಲ್ಲಿ ಕಾಸ್ತ್ರಿಯೋತಾ) ಮಾತ್ರ ಫೆರ್ರಾಂತೆಯ ಮದುವೆಯಾಚೆಯ ಗಂಡುಮಕ್ಕಳ ಕವಲಿನಲ್ಲಿ ಉಳೀತು. ಪದವಿಗೆ ಒಂದು ಬಣ್ಣ, ಹೆಸರಿಗೆ ಇನ್ನೊಂದು ಬಣ್ಣದ ಗೆರೆ ಹಾಕಿ. ಎರಡನ್ನೂ ಒಂದೇ ಗೆರೆಯಲ್ಲಿ ತೋರಿಸೋಕೆ ಹೋಗಿಯೇ ಎಲ್ಲರೂ ಇಲ್ಲಿ ಎಡವೋದು.

ವಂಶವೃಕ್ಷ_ಪಟ:
ಬಹಳ ಉಪಕಾರ ಆಯ್ತು. ಹೀಗೆ ಬರೀತೀನಿ: ಮೇಲೆ ಪಾಲ್ ಒಬ್ಬನೇ, ಅವನ ತಲೆಮೇಲೆ ಗೆರೆ ಇಲ್ಲ, ಕನಿನಾದ ಕಾಸ್ತ್ರಿಯೋತ್ ಅಂಚಿನ ಟಿಪ್ಪಣಿಯಲ್ಲಿ. ಗ್ಯೋನ್, ವೊಯ್ಸಾವಾ ಕೆಳಗೆ ಒಂಬತ್ತೂ ಮಕ್ಕಳು. ಹಂಝಾ ಸ್ಟಾನಿಷನ ಕೆಳಗೆ. ಪ್ರತಿ ಹೆಸರಿನ ಪಕ್ಕ ಯಾವ ಕಾಗದದಿಂದ ತಗೊಂಡದ್ದು ಅನ್ನೋದಕ್ಕೆ ಒಂದಕ್ಷರ: ದಾನಪತ್ರಕ್ಕೆ "ದಾ", ದಫ್ತರಿಗೆ "ದ", ಮುಝಾಕಾಗೆ "ಮು", ಬಾರ್ಲೆಟಿಗೆ "ಬಾ".

ಶಕ_ಸಂವತ್ಸರ:
"ದಾ" ಮತ್ತೆ "ದ" ಸಣ್ಣ ಅಕ್ಷರದಲ್ಲಿ ಅಚ್ಚಾದ್ರೆ ಒಂದೇ ಥರ ಕಾಣುತ್ತೆ. ದಾನಪತ್ರಕ್ಕೆ ಹಿಲಂದಾರ್‌ನ "ಹಿ" ಹಾಕಿ.